ಹೆಣ್ಮಕ್ಕಳಿಗೆಲ್ಲಿಯ ‘ಲಾ’?

ಮಾತು ಕಡಿಮೆ ಆಡುವವರ ಸುತ್ತಲೇ ತಮಾಷೆಗಳು ಜಾಸ್ತಿ ನಡೆಯುತ್ತವೆ. ಕಾರಣ ಇಷ್ಟೇ. ನಾವು ಅರ್ಧ ಹೇಳಿ ನಿಲ್ಲಿಸುತ್ತೇವೆ, ಮಿಕ್ಕರ್ಧವನ್ನು ಎದುರಿಗಿದ್ದವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ನನ್ನ ಮಾತಿನ ಮಿಕ್ಕರ್ಧವನ್ನು ಹೀಗೆ ತುಂಬಿಕೊಟ್ಟ ಪುಣ್ಯಾತ್ಮರು ಹಿಂದೂಪುರದಿಂದ ಕಲ್ಯಾಣದುರ್ಗದವರೆಗೂ ಇದ್ದಾರೆ. ಅದರಲ್ಲೂ ನಾನು ಬಿ.ಎ. ಮುಗಿಸಿ, ಲಾ ಕಾಲೇಜಿಗೆ ಅರ್ಜಿ ಹಾಕುವುದೋ ಬೇಡವೋ, ಹಾಕಿದರೆ ಮದರಾಸಿಗೋ ಬೆಂಗಳೂರಿಗೋ ಎಂದು ಕುಳಿತಿದ್ದ ಆ ಒಂದು ಬೇಸಿಗೆಯಲ್ಲಿ ಅವರೆಲ್ಲ ಒಟ್ಟಿಗೇ ಕೆಲಸಕ್ಕೆ ಇಳಿದರು.

ಹಿಂದೂಪುರದಲ್ಲಿ ನಮ್ಮಪ್ಪನದು ಬೆಲ್ಲ, ಹುಣಸೆಹಣ್ಣಿನ ಮಂಡಿ. ಮನೆಯೊಳಗೆ ಕನ್ನಡ, ಮಂಡಿಯಲ್ಲಿ ತೆಲುಗು. ನಾನು ಓದಿದ್ದು ಬೆಂಗಳೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಕಾನ್ವೆಂಟಿನ ಇಂಗ್ಲಿಷಿನಲ್ಲಿ. ಹಾಗಾಗಿ ಮೂರು ಭಾಷೆಗಳಲ್ಲೂ ಸುಮ್ಮನಿರುವುದನ್ನು ಚೆನ್ನಾಗಿ ಕಲಿತಿದ್ದೆ.

೧. ಅಪ್ಪನನ್ನು ‘ಲಾ’ ಅಂದದ್ದು

ವಿಷಯವನ್ನು ಅಪ್ಪನಿಗೆ ಹೇಳಲು ನಾನು ಎಂಟು ದಿನ ತಯಾರಿ ನಡೆಸಿದೆ. ಮೊದಲು ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಹೇಳಿಕೊಂಡೆ. ಅಲ್ಲಿ ಸೊಗಸಾಗಿತ್ತು. ಆಮೇಲೆ ಅದನ್ನು ಕನ್ನಡಕ್ಕೆ ಇಳಿಸಿ, “ಅಪ್ಪಾ, ನಾನು ಲಾ ಓದ್ತೀನಿ” ಎಂದು ಮಾಡಿಟ್ಟುಕೊಂಡೆ. ನಾಲ್ಕೇ ಪದ.

ಬೆಳಿಗ್ಗೆ ಅಪ್ಪ ರೊಟ್ಟಿ ತಿನ್ನುತ್ತ ಕೂತಿದ್ದರು. ಅಮ್ಮ ಒಲೆಯ ಮುಂದೆ ಇನ್ನೊಂದು ತಟ್ಟುತ್ತಿದ್ದರು. ನಾನು ಕಂಬ ಹಿಡಿದು ನಿಂತು ಬಾಯಿ ತೆರೆದೆ. ‘ಅಪ್ಪಾ’ ಬಂತು. ‘ನಾನು’ ಗಂಟಲಲ್ಲೇ ಉಳಿಯಿತು. ಕೊನೆಗೆ ಹೊರಬಿದ್ದದ್ದು ಹೀಗೆ:

“ಅಪ್ಪಾ… ಲಾ…”

ನಮ್ಮ ಸೀಮೆಯ ಮಾತು ಗೊತ್ತಿಲ್ಲದವರಿಗೆ ಇಲ್ಲಿ ಒಂದು ವಿವರಣೆ ಬೇಕು. ನಮ್ಮ ಕಡೆ ‘ಲಾ’ ಎಂದರೆ ಕಾನೂನಲ್ಲ. ಅದು ಗಂಡಸರನ್ನು ಸಲಿಗೆಯಿಂದ ಕರೆಯುವ ಮಾತಿನ ಬಾಲ. “ಬಾರ್ಲಾ”, “ಎಲ್ಲಿಗ್ಲಾ ಹೋಗಿದ್ದೆ”, “ಹಂಗಲ್ಲ ಕಣ್ಲಾ” ಅನ್ನುತ್ತೇವೆ. ಓರಗೆಯವನಿಗೆ ಅನ್ನಬಹುದು, ಕಿರಿಯನಿಗೆ ಅನ್ನಬಹುದು, ಅಜ್ಜಿಯಾದವಳು ಹೆತ್ತ ಮಗನಿಗೆ ಅನ್ನಬಹುದು. ಹೆಂಗಸರಿಗೆ ಯಾರೂ ಅನ್ನುವುದಿಲ್ಲ. ಇನ್ನು ಹೆತ್ತಪ್ಪನಿಗೆ ಮಗಳು ‘ಲಾ’ ಅಂದದ್ದು ನಮ್ಮ ಬೀದಿಯಲ್ಲಿ ಅದೇ ಮೊದಲು.

ಅಮ್ಮನ ಕೈಯ ರೊಟ್ಟಿ ಹೆಂಚಿನ ಬದಲು ಒಲೆಗೇ ಬಿತ್ತು. “ಅಯ್ಯಯ್ಯೋ! ಅಪ್ಪನ್ನ ಲಾ ಅಂತೀಯೇನೇ? ಕಾನ್ವೆಂಟಲ್ಲಿ ಇದುನ್ನೇ ಹೇಳ್ಕೊಟ್ರಾ?”

ಅಪ್ಪನಿಗೆ ತುತ್ತು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡು, “ಬುಡೇ ಅತ್ಲಾಗೆ” ಎಂದರು. “ಪರೀಕ್ಷೆ ಮುಗಿಸ್ಕೊಂಡು ಬಂದಾಗ್ನಿಂದ ಈ ಮಗಾ ನನ್ನ ಹತ್ರ ಬಾಯೇ ಬಿಟ್ಟಿರ್ಲಿಲ್ಲ. ಲಾ ಅಂತಾದ್ರೂ ಮಾತಾಡುಸ್ತಲ್ಲ!”

ನಾನು ಒಳಗೆ ಓಡಿ, ಟ್ರಂಕಿನಲ್ಲಿದ್ದ ಎರಡು ಖಾಲಿ ಅರ್ಜಿಗಳನ್ನು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟೆ. ಒಂದು ಮದರಾಸಿನದು, ಒಂದು ಬೆಂಗಳೂರಿನದು. ಅಪ್ಪ ಅಕ್ಷರ ಕೂಡಿಸಿಕೊಂಡು ಓದಿದರು. “ಲಾ… ಕಾಲೇಜ್.” ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಅರ್ಜಿ ನೋಡಿದರು.

“ಓ, ಈ ಲಾ ನಾ?”

ನಾನು ತಲೆ ಆಡಿಸಿದೆ.

“ನಂದೇನೂ ಅಡ್ಡಿಯಿಲ್ಲ ಕಣಮ್ಮ. ಮಂಡಿಗೆ ಬರೋರು ನಾಕು ಮಾತಾಡ್ತಾರೆ, ಆಡ್ಕಳ್ಳಿ. ಆದ್ರೆ ಕಲ್ಯಾಣದುರ್ಗದಲ್ಲಿ ನಿಮ್ಮಜ್ಜಿ ಹೂಂ ಅನ್ಬೇಕು. ಅದೂ ನೀನೇ ಕೇಳ್ಬೇಕು. ನಾನು ಕೇಳಲ್ಲ, ನಿಮ್ಮಮ್ಮಾನೂ ಕೇಳಲ್ಲ. ಮದ್ರಾಸೋ ಬೆಂಗ್ಳೂರೋ, ಅದುನ್ನೂ ನೀನೇ ಹೇಳ್ಬೇಕು. ಅಜ್ಜಿ ಮುಂದೆ ಬಾಯ್ಬಿಡಕ್ಕೆ ಆಗ್ದೋಳು ಜಡ್ಜಿ ಮುಂದೆ ಏನು ಬಾಯ್ಬಿಡ್ತೀಯ?”

ನ್ಯಾಯವಾದ ಮಾತು. ಅಜ್ಜಿ ಎಂದರೆ ಅಮ್ಮನ ತಾಯಿ. ನಮ್ಮ ಎರಡೂ ಮನೆಗಳ ಮದುವೆ, ಮುಯ್ಯಿ, ಮುನಿಸು ಎಲ್ಲಕ್ಕೂ ಹೈಕೋರ್ಟು ಅವರ ಜಗುಲಿಯೇ. ಅಲ್ಲಿಂದ ಮೇಲೆ ಅಪೀಲು ಇರಲಿಲ್ಲ. ಅರ್ಜಿ ಕಳಿಸಲು ಇನ್ನು ಮೂರು ವಾರವಿತ್ತು. ಕೇಳಬೇಕಾದದ್ದು ಒಂದೇ ಒಂದು ವಾಕ್ಯ. ವಾರಕ್ಕೆ ಎರಡು ಪದ ಹೇಳಿದರೂ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ನಾನು ನಿಶ್ಚಿಂತೆಯಿಂದ ರೊಟ್ಟಿ ತಿಂದೆ.

೨. ಮೈಲಾರದ ತೆಂಗಿನಕಾಯಿ

ಹಿಂದಿನ ಬೀದಿಯಲ್ಲಿ ಒಬ್ಬ ಮುದಿ ಪ್ಲೀಡರ್ ಇದ್ದರು. ತೆಲುಗಿನವರು. ಬೀದಿಗೆಲ್ಲ ಅವರು ಪ್ಲೀಡರ್ ತಾತ. “ಯಾವೂರು ಒಳ್ಳೇದು ಅಂತ ಅವ್ರನ್ನ ಕೇಳಾನ ಬಾ” ಎಂದು ಅಪ್ಪ ನನ್ನನ್ನು ಕರೆದುಕೊಂಡು ಹೋದರು.

ತಾತ ಒರಗುಕುರ್ಚಿಯಲ್ಲಿ ಕೂತೇ ವಿಚಾರಣೆ ಶುರು ಮಾಡಿದರು. “ಏಂ ತಲ್ಲೀ, ಲಾ ಚದುವುತಾವಾ? ಓದ್ತೀಯಾ?”

ನಾನು ತಲೆ ಆಡಿಸಿದೆ.

“ತಲೆ ಆಡಿಸಿದ್ದು ರಿಕಾರ್ಡಿಗೆ ಹೋಗಲ್ಲಮ್ಮಾ. ಬಾಯಲ್ಲಿ ಹೇಳು.”

“ಹೂಂ.”

“ಇದು ಸ್ವಲ್ಪ ಪರವಾಗಿಲ್ಲ.” ತಾತ ಅಪ್ಪನ ಕಡೆ ತಿರುಗಿದರು. “ಮದರಾಸಿಗೇ ಕಳಿಸಿ. ನಮ್ಮ ಕೋರ್ಟುಗಳಿಗೆಲ್ಲ ತಲೆ ಅಲ್ಲೇ ಇದೆ. ನಾಳೆ ಇವಳು ಹಿಂದೂಪುರದಲ್ಲೇ ಕರಿ ಕೋಟು ಹಾಕ್ಕೊಂಡು ನಿಲ್ಲಬೇಕು ಅಂದರೆ ಮದರಾಸಿನ ಬಿ.ಎಲ್. ಸರಿ. ಅಲ್ಲಿ ಹೆಂಗಸರೂ ಓದ್ತಾರೆ, ನಾನೇ ನೋಡಿದೀನಿ.”

“ಬೇರೆ ಆಂಧ್ರ ಆಗುತ್ತೆ ಅಂತಾರಲ್ಲ ಸ್ವಾಮೀ, ಆವಾಗ?”

“ಆವಾಗ ಕೋರ್ಟು ಎಲ್ಲಿ ಕೂರುತ್ತೋ, ಯಾರಿಗೆ ಗೊತ್ತು? ಕೋಟು ಮಾತ್ರ ಅದೇ ಕರಿ ಕೋಟು.” ತಾತ ಮತ್ತೆ ನನ್ನ ಕಡೆ ಬಂದರು. “ಮನ ತೆಲುಗಲ್ಲಿ ‘ಲಾ’ ಅಂದ್ರೆ ಗೊತ್ತಲ್ಲ? ‘ಹಾಗೆ’ ಅಂತ. ಸಿಂಹಂಲಾ ಅಂದರೆ ಸಿಂಹದ ಹಾಗೆ. ಮೊದಲು ಲಾಯರ್‌ಲಾ ನಿಂತ್ಕೋ. ಕಂಬ ಬಿಡು. ಗದ್ದ ಮೇಲೆ. ಈಗ ‘ಮೈ ಲಾರ್ಡ್’ ಅನ್ನು.”

“ಸಣ್ಣ ಕೋರ್ಟಲ್ಲಿ ಹಂಗನ್ನಲ್ಲ ಅಲ್ವಾ ಸ್ವಾಮೀ?” ಎಂದರು ಅಪ್ಪ.

“ದೊಡ್ಡದರಿಂದಲೇ ಶುರು ಮಾಡ್ಲಿ. ಅನ್ನಮ್ಮಾ.”

ನಾನು ಕಣ್ಣು ಮುಚ್ಚಿ, ಇದ್ದ ಬದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಹೇಳಿದೆ. ನನ್ನ ಕಿವಿಗೆ ಅದು ಗುಡುಗಿನಂತೆ ಕೇಳಿಸಿತು. ತಾತ ಮಾತ್ರ ಕಿವಿಗೆ ಅಂಗೈ ಹಿಡಿದು ಮುಂದೆ ಬಗ್ಗಿದರು.

“ಮೈಲಾರಾ? ಏನು, ಮೈಲಾರಕ್ಕೆ ಹೋಗಬೇಕಾ?”

ನಾನು ಇನ್ನೊಂದು ಸಲ ಹೇಳಿದೆ. ಮೈಲಾರವೇ ಆಯಿತು. ಒಳಗಿನಿಂದ ತಾತನ ಹೆಂಡತಿ ಕೈ ಒರೆಸಿಕೊಂಡು ಬಂದರು. “ಮೈಲಾರಕ್ಕಾದರೆ ಜಾತ್ರೆ ಸಮಯಕ್ಕೆ ಹೋಗಬೇಕಮ್ಮಾ, ಈಗ ಅಲ್ಲಿ ಏನಿರುತ್ತೆ?” ಎಂದು ಮರುಗಿದರು. ಆಮೇಲೆ ಏನೋ ಹೊಳೆದು ಒಳಗೆ ಹೋಗಿ, ಅರಿಶಿನ ಹಚ್ಚಿದ ತೆಂಗಿನಕಾಯಿ ತಂದು ನನ್ನ ಕೈಗಿಟ್ಟರು. “ಹೆಂಗೂ ಹೋಗ್ತಿದೀಯ. ಮೊಣಕಾಲು ನೋವು ವಾಸಿಯಾದರೆ ಅಂತ ಹರಕೆ ಹೊತ್ತು ಬಹಳ ವರ್ಷ ಆಯ್ತು. ನಮ್ಮದೂ ಒಂದು ಕಾಯಿ ಒಡೆಸಿಬಿಡು ತಲ್ಲೀ.”

ತಿದ್ದಲು ನನಗೆ ಧೈರ್ಯವಾಗಲಿಲ್ಲ. ಲಾ ಓದುವ ಬಗ್ಗೆ ಸಲಹೆ ಕೇಳಲು ಹೋದವಳು ಮೈಲಾರದ ಹರಕೆ ಹೊತ್ತುಕೊಂಡು ಮನೆಗೆ ಬಂದೆ.

೩. ಚಿಕ್ಕಮ್ಮನ ಅರ್ಜಿ

ಬಿ.ಎ. ಸರ್ಟಿಫಿಕೇಟು ತರಲು ಬೆಂಗಳೂರಿಗೆ ಹೋಗಬೇಕಾಯಿತು. ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಸ್ಟೇಷನ್ನಿಗೇ ಬಂದಿದ್ದರು. ನಾನು ರೈಲು ಇಳಿಯುವ ಮೊದಲೇ ಅವರ ಮಾತು ಶುರುವಾಗಿತ್ತು.

“ಮದ್ರಾಸ್ ಯಾಕೇ? ಅಲ್ಲಿ ಸೆಕೆ, ಉಪ್ಪು ನೀರು. ಇಲ್ಲೇ ಇರು, ನಾನಿಲ್ವಾ? ನೀನೇನೂ ಮಾತಾಡೋದೇ ಬೇಡ, ಎಲ್ಲಾ ನಾನು ನೋಡ್ಕೋತೀನಿ. ನಡಿ, ಈವತ್ತೇ ಅರ್ಜಿ ತುಂಬಿಸಿಬಿಡೋಣ.”

ಕಚೇರಿಗಳ ಮುಂದೆ ಮರದ ಕೆಳಗೆ ಒಬ್ಬ ಟೈಪಿಸ್ಟ್ ಪೆಟ್ಟಿಗೆಯ ಮೇಲೆ ಮಿಷನ್ ಇಟ್ಟುಕೊಂಡು ಕೂತಿದ್ದ. ಚಿಕ್ಕಮ್ಮ ಸ್ಟೂಲ್ ಎಳೆದುಕೊಂಡು ಅವನೆದುರು ಕೂತರು. ನಾನು ಅವರ ಹಿಂದೆ ಕೊಡೆ ಹಿಡಿದು ನಿಂತೆ.

“ಹೆಸರಮ್ಮಾ?”

“ಹೆಸರು ಆಮೇಲೆ. ಮೊದ್ಲು ಹೇಳಿ, ನೀವು ಚೆನ್ನಾಗಿ ಟೈಪ್ ಮಾಡ್ತೀರಾ? ಹೋದ್ಸಲ ನಮ್ಮನೆಯವ್ರ ಕಾಗದದಲ್ಲಿ ಒಬ್ಬ ಒಂದು ಅಕ್ಷರ ಬಿಟ್ಟು ನಮ್ಮ ಮನೆತನವೇ ಬೇರೆ ಆಗೋಯ್ತು.”

ಅಲ್ಲಿಂದ ಅವನು ಕೇಳುವುದು, ಚಿಕ್ಕಮ್ಮ ಹೇಳುವುದು. ಯಾವ ಪ್ರಾಂತ್ಯ ಎಂಬ ಕಡೆ ಗಾಡಿ ನಿಂತಿತು.

“ಹಿಂದೂಪುರ.”

“ಅಂದ್ರೆ ಮದರಾಸು.”

“ಹೆಂಗ್ರೀ ಮದರಾಸಾಗುತ್ತೆ? ಅಲ್ಲಿ ರೈಲು ಹತ್ತಿದ್ರೆ ಊಟದ ಹೊತ್ತಿಗೆ ಇಲ್ಲಿರ್ತೀವಿ!”

“ಮ್ಯಾಪಲ್ಲಿ ಮದರಾಸಮ್ಮಾ.”

“ಮ್ಯಾಪ್ ಬರೆದೋನು ರೈಲು ಹತ್ತಿಲ್ಲ ಕಣ್ರೀ. ಮೈಸೂರು ಅಂತಾನೇ ಹೊಡೀರಿ.”

ಅವನು ನಿಟ್ಟುಸಿರು ಬಿಟ್ಟು ಹೊಡೆದ. ಆ ಮಧ್ಯಾಹ್ನವೆಲ್ಲ ನನ್ನಿಂದ ಹೊರಟ ಸದ್ದು ಎಂದರೆ ಒಂದು ಸೀನು. ಅದಕ್ಕೂ ಚಿಕ್ಕಮ್ಮನೇ “ಧೂಳು ಕಣ್ರೀ, ಅವ್ಳಿಗೆ ಆಗಲ್ಲ” ಎಂದು ವಿವರಣೆ ಕೊಟ್ಟರು.

ಸಂಜೆ ಚಿಕ್ಕಪ್ಪ ಕನ್ನಡಕ ಏರಿಸಿ ಅರ್ಜಿ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೆ ಹೋಯಿತು. ಹೆಸರು ಚಿಕ್ಕಮ್ಮನದು. ವಯಸ್ಸು ಚಿಕ್ಕಮ್ಮನದು, ಅದರಲ್ಲೂ ಐದು ವರ್ಷ ಕಮ್ಮಿ. ವಿವಾಹಿತೆ. ಮಕ್ಕಳು ನಾಲ್ಕು. ಪೋಷಕರು: ಚಿಕ್ಕಪ್ಪ.

“ಏನೇ,” ಎಂದರು ಚಿಕ್ಕಪ್ಪ, “ನೀನು ಬಿ.ಎ. ಪಾಸಾಗಿದ್ದು ಯಾವಾಗ?”

ತಪ್ಪು ಟೈಪಿಸ್ಟಿನದಲ್ಲ. ಯಾರು ಉತ್ತರ ಹೇಳುತ್ತಾರೋ ಅವರೇ ವಿದ್ಯಾರ್ಥಿನಿ ಎಂದುಕೊಂಡಿದ್ದ, ನಾನು ಕೊಡೆ ಹಿಡಿಯುವವಳು ಎಂದುಕೊಂಡಿದ್ದ. ‘ನಿಮ್ಮ’ ಎಂದು ಕೇಳಿದ್ದಕ್ಕೆಲ್ಲ, ಊರೊಂದನ್ನು ಬಿಟ್ಟು, ಚಿಕ್ಕಮ್ಮ ತಮ್ಮದನ್ನೇ ಹೇಳಿದ್ದರು. ಚಿಕ್ಕಮ್ಮ ಕಾಗದವನ್ನು ಕಿತ್ತುಕೊಂಡು ಒಂದು ಸಲ ನೋಡಿದರು. ಅವರ ಮುಖದಲ್ಲಿ ಪಶ್ಚಾತ್ತಾಪ ಬರಲಿಲ್ಲ. ಬೇರೆ ಏನೋ ಬಂತು.

“ಹೆಂಗೂ ಟೈಪಾಗಿದೆ,” ಎಂದರು. “ನಾನೇ ಹಾಕ್ಲಾ?”

೪. ಅರಿಷ್ಟ

ಊರಿಗೆ ಬಂದು ಟ್ರಂಕಿನಲ್ಲಿದ್ದ ಎರಡೂ ಖಾಲಿ ಅರ್ಜಿಗಳನ್ನು ನಾನೇ ಕೈಯಲ್ಲಿ ತುಂಬಿದೆ. ಎರಡು ಲಕೋಟೆ ಮಾಡಿ, ಒಂದರ ಮೇಲೆ ಮದರಾಸು, ಒಂದರ ಮೇಲೆ ಬೆಂಗಳೂರು ಎಂದು ಬರೆದು ಚೀಲದಲ್ಲಿಟ್ಟುಕೊಂಡು ಅಪ್ಪನ ಜತೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಜ್ಜಿಗೆಂದು ಒಂದು ಬಾಟಲಿ ದ್ರಾಕ್ಷಾರಿಷ್ಟವೂ ಚೀಲದಲ್ಲಿತ್ತು.

ಆ ದಾರಿಯ ವಿಚಿತ್ರ ಹೊರಗಿನವರಿಗೆ ತಿಳಿಯದು. ಹಿಂದೂಪುರ ಮದರಾಸಿನದು, ಮಡಕಶಿರ ಮದರಾಸಿನದು, ಆಮೇಲೆ ಬರುವ ಪಾವಗಡ ಮೈಸೂರಿನದು, ದಾಟಿದರೆ ಮತ್ತೆ ಮದರಾಸು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು “ಮೈಸೂರು ಬಂತು! ಬೀಡಿ ಹಚ್ಕಳೋರು ಹಚ್ಕಳಿ!”, ಸ್ವಲ್ಪ ಹೊತ್ತಾದ ಮೇಲೆ “ಮದ್ರಾಸು ಬಂತು, ಬಾಟ್ಲಿ ಇರೋರು ಬಚ್ಚಿಟ್ಕಳಿ!” ಎಂದು ಕೂಗುತ್ತಿದ್ದ. ಮದರಾಸು ಕಡೆ ಪಾನನಿಷೇಧ. ಒಂದು ಬೆಳಗಿನಲ್ಲಿ ನಾನು ಎರಡು ಸಲ ಮದರಾಸಿನಲ್ಲೂ ಒಂದು ಸಲ ಮೈಸೂರಿನಲ್ಲೂ ಇದ್ದೆ. ಆದರೂ ಯಾವ ಊರು ಎಂದು ನಿಶ್ಚಯವಾಗಿರಲಿಲ್ಲ.

ಗಡಿಯಲ್ಲಿ ಬಸ್ಸು ನಿಲ್ಲಿಸಿದ ಪೇದೆ ನನ್ನ ಚೀಲದಿಂದ ಬಾಟಲಿ ಎತ್ತಿದ. ಬಿರಡೆ ತೆಗೆದು ಮೂಸಿದ. ಅವನ ಕಣ್ಣು ಅರಳಿತು.

“ಏಮಿದಿ? ಸಾರಾ ವಾಸನ!”

“ಔಷಧಿ ಸ್ವಾಮೀ,” ಎಂದರು ಅಪ್ಪ. “ನಮ್ಮತ್ತೆಯವ್ರಿಗೆ. ಅರಿಷ್ಟ.”

“ಎಲ್ಲಾರೂ ಔಷಧಿ ಅಂತಾನೇ ಕುಡಿಯೋದು! ಇಳೀರಿ ಕೆಳಗೆ.”

ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿದರು. ನನಗೆ ಗೊತ್ತಿತ್ತು, ಔಷಧಿಗೆ ಹಾಗೆಲ್ಲ ಹಿಡಿಯುವ ಹಾಗಿಲ್ಲ, ಯಾವ ಕಲಮಿನ ಪ್ರಕಾರ ಎಂದು ಕೇಳಬೇಕು. ಬಾಯಿ ಬರಲಿಲ್ಲ. ಕೈ ಬಂತು. ಚೀಲದಲ್ಲಿದ್ದ ಬಿಳಿ ಕಾಗದದ ಮೇಲೆ ‘ಯಾವ ಸೆಕ್ಷನ್ ಪ್ರಕಾರ, ದಯವಿಟ್ಟು ಲಿಖಿತವಾಗಿ ತಿಳಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಸಹಿಯ ಕೆಳಗೆ ಬಿ.ಎ. ಎಂದು ಸೇರಿಸಿ ಅವನ ಕೈಗೆ ಕೊಟ್ಟೆ.

ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ಇಂಗ್ಲಿಷ್. ಸಹಿ. ಸಹಿಯ ಕೆಳಗೆ ಬಿ.ಎ. ನಿಧಾನವಾಗಿ ಬಿರಡೆ ಮುಚ್ಚಿದ, ಬಾಟಲಿಯನ್ನು ಎರಡು ಕೈಯಲ್ಲಿ ವಾಪಸ್ಸು ಕೊಟ್ಟ, ಕಾಲು ಜೋಡಿಸಿ ಸಲಾಮು ಹೊಡೆದ. “ಮೊದಲೇ ಹೇಳಬಾರದಾ ಅಮ್ಮಾ, ಚೆಪ್ಪಕೂಡದಾ!”

ಬಸ್ಸು ಹೊರಟಿತು. ಅಪ್ಪ ಪಿಸುಗುಟ್ಟಿದರು. “ಏನು ಬರೆದೆ?”

ಹೇಳಿದೆ. ಅಪ್ಪ ಸೀಟಿನಿಂದ ಎದ್ದು ನಿಂತರು. ಆಮೇಲೆ ಕಂಡಕ್ಟರಿಗೆ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು:

“ನನ್ನ ಮಗಳು ಮಾತಾಡಲ್ಲ ಕಣಪ್ಪ. ಸೀದಾ ನೋಟೀಸೇ ಕೊಡೋದು.”

೫. ಕಲ್ಯಾಣದುರ್ಗದ ಹೈಕೋರ್ಟು

ಅಜ್ಜಿಗೆ ನೋಟೀಸು ಕೊಡುವ ಹಾಗಿರಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ.

ಹಣೆ ತುಂಬ ವಿಭೂತಿ, ಕಾಲು ಚಾಚಿ ಜಗುಲಿಯ ಮೇಲೆ ಕೂತರೆ ಅಜ್ಜಿ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಬೀದಿಯ ವ್ಯಾಜ್ಯಗಳು ಒಂದೊಂದಾಗಿ ಬಂದು ತೀರ್ಮಾನವಾಗಿ ಹೋಗುತ್ತಿದ್ದವು. ಪಕ್ಕದಲ್ಲಿ ನನ್ನ ಸೋದರಮಾವ, ಅಜ್ಜಿಯ ಒಬ್ಬನೇ ಮಗ, ಅಜ್ಜಿ ಹೇಳಿದ್ದಕ್ಕೆಲ್ಲ “ಹೌದವ್ವ” ಎನ್ನುವ ಹುದ್ದೆಯಲ್ಲಿದ್ದ.

ಹೋದ ದಿನ ಸಂಜೆ ನಾನು ಮೊದಲ ಸಲ ಪ್ರಯತ್ನಿಸಿದೆ. “ಅಜ್ಜೀ, ನಂಗೆ… ಲಾ…”

“ಏನು, ಲಾ?” ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದರು. “ಲಾ ಗಂಡುಡ್ರಿಗೆ ಕಣಮ್ಮಣ್ಣಿ. ಹೆಣ್ಮಕ್ಕಳಿಗೆ ಎಲ್ಲೈತೆ ಲಾ? ನಾನು ಹುಟ್ಟಿದಾಗ್ನಿಂದ ಒಂದು ಹೆಣ್ಣಿಗೂ ಲಾ ಅಂದೋಳಲ್ಲ.”

ಮಾವ ವಿವರಿಸಲು ಬಾಯಿ ತೆರೆದ. ಅಪ್ಪ ಕೆಮ್ಮಿದರು. ಮಾವ ಮುಚ್ಚಿದ.

ಮಾರನೆಯ ದಿನ ಮತ್ತೆ ಎರಡು ಸಲ ಪ್ರಯತ್ನಿಸಿದೆ. ಒಂದು ಸಲ ‘ಅಜ್ಜೀ’ ಎನ್ನುವಷ್ಟರಲ್ಲಿ “ಹಸಿವಾ?” ಎಂದು ಕೇಳಿ ಉಂಡೆ ಕೊಟ್ಟರು. ಇನ್ನೊಂದು ಸಲವೂ ಉಂಡೆಯೇ. ಮೂರನೆಯ ದಿನ ಬೆಳಗಾಯಿತು. ಅದೇ ಕೊನೆ. ಟಪಾಲು ಒಯ್ಯುವ ಬಸ್ಸು ಮಧ್ಯಾಹ್ನ ಹೊರಡುತ್ತದೆ. ಅದರಲ್ಲಿ ಲಕೋಟೆ ಹೋಗದಿದ್ದರೆ ಯಾವ ಊರಿಗೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಅಪ್ಪ ಅಂಗಿಯ ಜೇಬಿನಿಂದ ಗಡಿಯಾರ ತೆಗೆದು ನೋಡುವುದು, ನನ್ನನ್ನು ನೋಡುವುದು, ಮತ್ತೆ ಜೇಬಿಗಿಡುವುದು ಮಾಡುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಎರಡು ಉಂಡೆ, ಮಡಿಲಲ್ಲಿ ಎರಡು ಲಕೋಟೆ.

ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಪೆದ್ದಮ್ಮ ಬಂದಳು.

ಪೆದ್ದಮ್ಮನಿಗೂ ಅಜ್ಜಿಗೂ ನುಗ್ಗೆಮರದ ಜಗಳ ನನಗಿಂತ ಹಳೆಯದು. ಮರದ ಬುಡ ಅಜ್ಜಿಯ ಹಿತ್ತಿಲಲ್ಲಿ, ದೊಡ್ಡ ಕೊಂಬೆ ಗೋಡೆ ದಾಟಿ ಪೆದ್ದಮ್ಮನ ಅಂಗಳದ ಮೇಲೆ. ಆ ಕೊಂಬೆಯ ಕಾಯಿಯನ್ನು ಪೆದ್ದಮ್ಮ ಮುಟ್ಟಿದರೆ ಅಜ್ಜಿಗೆ ಆಗದು. ಈವತ್ತು ಪೆದ್ದಮ್ಮ ಮೊರ ಹಿಡಿದು ಬಂದಿದ್ದಳು. ಮೊರದ ತುಂಬ ಒಣಗಲು ಹಾಕಿದ್ದ ಸಂಡಿಗೆ. ಸಂಡಿಗೆಯ ಮೇಲೆ ನುಗ್ಗೆಮರದ ಕಂಬಳಿಹುಳಗಳು ಗಿಜಿಗಿಜಿ ಹರಿದಾಡುತ್ತಿದ್ದವು.

“ಚೂಡಂಡಿ! ನಾ ಒಡಿಯಾಲನ್ನೀ ಪುರುಗುಲೇ!” ಎಂದು ಮೊರವನ್ನು ಅಜ್ಜಿಯ ಕಾಲ ಹತ್ತಿರ ಇಟ್ಟಳು.

ಅಜ್ಜಿ ಕಾಲು ಮಡಿಚಿಕೊಂಡರು. “ಹುಳ ನಾನು ಕಳಿಸಿದ್ನಾ? ಮರ ನಂದು, ಕಾಯಿ ನಂದು. ಹುಳ ದೇವ್ರದ್ದು.”

“ಹೌದವ್ವ,” ಎಂದ ಮಾವ.

“ಕಾಯಲು ಆಮೆವಿ, ಪುರುಗುಲು ದೇವುಡಿವಾ!” ಕಾಯಿ ಇವರದಂತೆ, ಹುಳ ದೇವರದಂತೆ ಎಂದು ಪೆದ್ದಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕಣ್ಣಲ್ಲಿ ನೀರು ಬಂತು. “ನೀ ತರಪುನ ನೀ ಕೊಡುಕು. ನಾ ತರಪುನ ಮಾಟ್ಲಾಡೇವಾಳ್ಳು ಎವರೂ ಲೇರನೇ ಕದಾ!”

‘ನಿನ್ನ ಪರ ನಿನ್ನ ಮಗ. ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲವೆಂದೇ ಅಲ್ಲವೇ’ ಎಂದಳು ಪೆದ್ದಮ್ಮ. ಈ ಮಾತು ನನ್ನನ್ನು ಎಲ್ಲಿ ಚುಚ್ಚಿತೋ ಕಾಣೆ. ನನ್ನ ಪರವಾಗಿ ಮಾತಾಡುವವರು ಇಷ್ಟು ವರ್ಷ ಬೇಕಾದಷ್ಟು ಜನ ಇದ್ದರು. ಅದೇ ನನ್ನ ಕಷ್ಟವಾಗಿತ್ತು.

“ನಾನಿದೀನಿ ಪೆದ್ದಮ್ಮ! ನಾನು ಮಾತಾಡ್ತೀನಿ!”

ಬೀದಿಯಲ್ಲಿ ಹೋಗುತ್ತಿದ್ದ ಕಡಲೇಕಾಯಿ ಗಾಡಿ ನಿಂತಿತು. ಕೂಗಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಲಕೋಟೆಗಳಿದ್ದ ಮಡಿಲನ್ನು ಒಂದು ಕೈಯಲ್ಲಿ ಹಿಡಿದು ಎದ್ದು ನಿಂತಿದ್ದೆ. ಕಂಬ ಹಿಡಿದಿರಲಿಲ್ಲ.

“ಅಜ್ಜೀ, ಮರ ಯಾರದು?”

“ನಂದು.” ಅಜ್ಜಿಗೆ ಆಶ್ಚರ್ಯವಾಗಿ ಉತ್ತರ ತಾನಾಗಿ ಬಂತು.

“ಗೋಡೆ ಆಚೆ ಬಗ್ಗಿರೋ ಕೊಂಬೆ?”

“ನಂದೇ.”

“ಆ ಕೊಂಬೇಲಿರೋ ಕಾಯಿ?”

“ನಂದೇ ಕಣೇ! ಎಷ್ಟು ಸಲ ಹೇಳ್ಲಿ?”

“ಅದೇ ಕೊಂಬೇಲಿರೋ ಹುಳ?”

 ಅಜ್ಜಿ ಮಾವನ ಕಡೆ ನೋಡಿದರು. ಮಾವನಿಗೆ “ಹೌದವ್ವ” ಎನ್ನಲು ಅಲ್ಲಿ ಏನೂ ಇರಲಿಲ್ಲ.

“ಕಾಯಿ ನಿಂದಾದ್ರೆ ಹುಳಾನೂ ನಿಂದೇ ಅಜ್ಜಿ. ದಿನಾ ಬೆಳಿಗ್ಗೆ ನೀನೇ ಹೋಗಿ ಪೆದ್ದಮ್ಮನ ಅಂಗಳ ಗುಡಿಸಿ, ಸಂಡಿಗೆ ಮೇಲಿನ ಹುಳ ಆರಿಸಿಕೊಡ್ಬೇಕು. ಇಲ್ಲ, ಹುಳ ದೇವರದ್ದು ಅಂತೀಯಾ? ಹಂಗಾದ್ರೆ ಕಾಯೂ ದೇವರದ್ದೇ. ಪೆದ್ದಮ್ಮ ಕಿತ್ಕೋಬಹುದು. ಎರಡ್ರಲ್ಲಿ ಯಾವುದು, ಈಗಲೇ ಹೇಳು!”

ಗಾಡಿಯವನು “ಭಲೇ!” ಎಂದ. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದರು. ಗೋಡೆ ಹಿಡಿದು ಎದ್ದರು. ಒಳಗೆ ಹೋದರು.  ಕೇಸು ಗೆದ್ದೆ, ಕಾಲೇಜು ಹೋಯಿತು ಎಂದುಕೊಂಡೆ. ಯಾರ ಹತ್ತಿರ ಅಪ್ಪಣೆ ಕೇಳಬೇಕೋ ಅವರನ್ನೇ ಬೀದಿಯಲ್ಲಿ ಸೋಲಿಸಿಬಿಟ್ಟಿದ್ದೆ.

ಅಜ್ಜಿ ಹಿತ್ತಿಲಿನಿಂದ ಕಾಯಿ ಕೀಳುವ ದೋಟಿ ಹಿಡಿದು ಬಂದರು. ಪೆದ್ದಮ್ಮನ ಕೈಗೆ ಕೊಟ್ಟರು.

“ತಕಾ. ಆ ಕಡೆ ಕೊಂಬೆ ಇನ್ಮೇಲೆ ನಿಂದು. ಕಾಯೂ ನೀನೇ ತಿನ್ನು, ಹುಳಾನೂ ನೀನೇ ಸಾಕು.”

ಪೆದ್ದಮ್ಮ ಮನೆಗೆ ಓಡಿದಳು. ಕ್ಷಣದಲ್ಲಿ ಅದೇ ದೋಟಿಯಿಂದ ಅದೇ ಕೊಂಬೆಯ ನುಗ್ಗೆಕಾಯಿಗಳನ್ನು ಕಿತ್ತು ತಂದು, “ಇದಿಗೋ ಫೀಜು, ನಾ ಬಂಗಾರು ಪ್ಲೀಡರಮ್ಮಾ!” ಎಂದು ನನ್ನ ಮಡಿಲಿಗೆ ಸುರಿದಳು.

“ನನ್ನ ಮರದ ಕಾಯಿ,” ಎಂದರು ಅಜ್ಜಿ ಮಾವನಿಗೆ, “ನನ್ನ ಮೊಮ್ಮಗ್ಳಿಗೆ ಫೀಜು, ನನ್ನ ಮೇಲೇ ಕೇಸು. ನೋಡ್ದೇನ್ಲಾ?”

“ಹೌದವ್ವ.”

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಅಪ್ಪ ಗಡಿಯಾರ ತೆಗೆದು, “ಅಮ್ಮಣ್ಣಿ, ಬಾಯಿ ತೆಗೆದಿದ್ದೀಯ, ಮುಚ್ಕಳ್ಳಕ್ಕೆ ಮುಂಚೆ ಕೇಳ್ಬುಡು” ಎಂದರು.

ನುಗ್ಗೆಕಾಯಿಗಳ ಕೆಳಗಿನಿಂದ ಲಕೋಟೆಗಳನ್ನು ಎಳೆದೆ. “ಅಜ್ಜೀ, ವಕೀಲಿಕೆ ಓದಕ್ಕೆ ಕಾಲೇಜಿಗೆ ಅರ್ಜಿ ಹಾಕ್ಬೇಕು. ಈವತ್ತೇ.”

“ಎಲ್ಲಿ?”

“ಮದರಾಸಲ್ಲಿ.” ಈ ಮಾತೂ ನನಗಿಂತ ಮುಂಚೆ ನನ್ನ ಬಾಯಿಗೆ ಗೊತ್ತಿತ್ತು.

“ಬೆಂಗ್ಳೂರಲ್ಲಿ ನಿಮ್ಮ ಚಿಕ್ಕಮ್ಮ ಅವ್ಳಲ್ಲೇ? ಎಲ್ಲಾನೂ ಅವ್ಳೇ ನೋಡ್ಕಂತಾಳೆ.”

“ಅದಕ್ಕೇ ಬೇಡ ಅಜ್ಜಿ. ಅಲ್ಲಿದ್ರೆ ವಕೀಲೆ ಆಗೋಳು ಚಿಕ್ಕಮ್ಮ, ನಾನಲ್ಲ.”

ಅಜ್ಜಿಯ ಹೊಟ್ಟೆ ಅಲುಗಾಡಿತು. ನಗು ಮೇಲೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. “ಅದೂ ದಿಟಾನೇ ಕಣ್ಲಾ,” ಎಂದರು ಮಾವನಿಗೆ. “ಹುಟ್ಟಿದಾಗ ಎಲ್ಲಾ ಮಕ್ಳೂ ಅಳ್ತವೆ. ಅವ್ಳು ಮಾತೇ ಆಡಿದ್ಲು.”

ಬಸ್ಸು ಇನ್ನೊಂದು ಸಲ ಹಾರ್ನ್ ಹೊಡೆಯಿತು. ನಾನು ಮೂರು ವಾರದಿಂದ ತಯಾರು ಮಾಡಿಟ್ಟುಕೊಂಡಿದ್ದ ವಾಕ್ಯದಲ್ಲಿ ಉಳಿದದ್ದು ಒಂದೇ ಪದ. ಜೋರಾಗಿ ಕೇಳಿದೆ.

“ಅಜ್ಜೀ, ಓದ್ಲಾ?”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಗಲ ಮೇಲೆ ಒಂದು ಏಟು ಕೊಟ್ಟರು. ಗಾಡಿಯ ಎತ್ತು ಬೆಚ್ಚುವಂತೆ ಹೇಳಿದರು:

“ಓದ್ಲಾ!”

ಬೆಂಗಳೂರಿನ ಲಕೋಟೆ ನೆಲಕ್ಕೆ ಬಿತ್ತು, ಮದರಾಸಿನದನ್ನು ಹಿಡಿದು ಅಪ್ಪ ಪಂಚೆ ಎತ್ತಿಕೊಂಡು ಬಸ್ಸಿನ ಕಡೆ ಓಡಿದರು. ಮಾವ ಮಾತ್ರ ಕಂಗಾಲಾಗಿ, ಹುಟ್ಟಿದ ಮೇಲೆ ಮೊದಲ ಸಲ ತಾಯಿಗೆ ಎದುರಾಡಿದ.

“ಅವ್ವಾ, ಹೆಣ್ಮಗು ಕಣವ್ವ ಅದು! ಲಾ ಅಂದ್ಬುಟ್ಟಲ್ಲ!”

“ಅವ್ಳೇ ಕಣ್ಲಾ ಕೇಳಿದ್ದು ಲಾ ಬೇಕು ಅಂತ,” ಎಂದು ಅಜ್ಜಿ ಮತ್ತೆ ಕಾಲು ಚಾಚಿ ಕೂತರು. “ಕೊಟ್ಬುಟ್ಟೆ.”